ಮೊದಲ ಸಾವಿರ ಕಿಲೋಮೀಟರ್

ನಗಬ್ಯಾಡ ಸುಲೂ! ಖರೇ ಹೇಳ್ತೀನಿ, ನನ್ನ ಕೂಸು ಶ್ರಾವಣಿ ಆಣಿ. ದಿನಾ ಮುಂಜಾನೆ ಆ ಕಾರಿನ ಮುಂದ ನಿಂತು ಮದ್ಲ ಕೈ ಮುಗೀತಾರ ನನ್ನ ಗಂಡ, ನಿಮ್ಮ ಮಾವ. ಆಮ್ಯಾಲೆ ಬಾಗಿಲಾ ತಗೀತಾರ. ಹಾಕೋದೂ ಹಂಗನ... ಮಲಗಿದ ಕೂಸಿನ ಮ್ಯಾಲೆ ಕೌದಿ ಹೊಚ್ಚಿದಂಗ. ಟಪ್ ಅಂತ ಸಪ್ಪಳಾ ಬರಬಾರದು. ಈ ಮನಿ ಬಾಗಿಲಾ ಹಾಕೋದು ನಿನ್ನೆ ಕೇಳಿದಿಯಲ್ಲ? ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ಜಿಗೀತದ! ಅದ ಕೈ, ಅದ ಮನಷ್ಯಾ...

ನಗು, ನಗು. ನಕ್ರ ಚೊಲೋ ಕಾಣ್ತಿ. ಸಂಜಿಕ ಸಂಗಮೇಶನ ಬಾಜೂಕ ನಿಂತು ಫೋಟೋ ತಗಸೋ ಮುಂದನೂ ಹಿಂಗ ನಗು. ನಮ್ಮ ಮೈದುನ ನಾಚ್ಕಿ ಹುಡುಗ, ಅಂವ ನಗಂಗಿಲ್ಲ. ಒಬ್ಬರರ ನಗಬೇಕಲ್ಲ.

ಆ ಕಣಕದ ಮ್ಯಾಲೆ ಹಸಿ ಅರಿವಿ ಮುಚ್ಚು, ಒಣಗ್ತದ. ಹೂರಣ ಇನ್ನಾ ಆರಿಲ್ಲ. ಅತ್ತಿ ಮತ್ತ ಸಂಗಮೇಶ ಕಲ್ಯಾಣ ಪ್ಯಾಟಿಯಿಂದ ಸೀರಿ ತಗೊಂಡು ಬರೋದರಾಗ ಹೋಳಗಿ ಆಗಿರಬೇಕು. ಇಲ್ಲಂದ್ರ ನಮ್ಮತ್ತಿ ಚಂದ್ರಬಾಯಿ ಬಾಯಿ ನಿನಗಿನ್ನಾ ಗೊತ್ತಿಲ್ಲ. ಅಲ್ಲಿ ಊರಾಗ ಅಪ್ಪ ಫೋನ್ ಕೈಯಾಗ ಹಿಡಕೊಂಡು ಕೂತಿರ್ತಾನ, 'ಸುಲೋಚನಾ ಹೂಂ ಅಂದ್ಲೇನು?' ಅಂತ. ನೀ ಹೂಂ ಅಂದ್ರ ಆತು, ಇವತ್ತ ಸಂಜಿಕನ ನಿಶ್ಚಯದ ಸಕ್ಕರಿ ಹಂಚಿಬಿಡ್ತಾರ. ಅಕ್ಕ ದೊಡ್ಡ ಸೊಸಿ, ತಂಗಿ ಸಣ್ಣ ಸೊಸಿ. ಒಂದ ಮನಿ, ಒಂದ ಒಲಿ. ನಮ್ಮೂರಾಗ ಎಷ್ಟ ಮಂದಿ ಹಂಗ ಮಾಡಿಲ್ಲ?

ಹಾಂ, ಕಾರಿಂದು. ಕಾರಿಂದೇ ಹೇಳ್ತೀನಿ ತಡಿ.

ಸೀವುಡ್ಸ್‌ನ್ಯಾಗ ಕಿಟ್ಟಣ್ಣ ಶೇಠರು ಅಂತ ಅದಾರ, ಉಡುಪಿ ಕಡೆಯವ್ರು, ಹೋಟೆಲಿನವ್ರು. ನಿಮ್ಮ ಮಾವ ಅವರ ಡ್ರೈವರ್. ಶೇಠರಿಗೆ ಒಬ್ಬನ ಮಗ, ಸಮಿತ್ ಅಂತ. ಅವನ ಸಲುವಾಗಿ ತಂದ ಗಾಡಿ ಅದು. ಸ್ಪೋರ್ಟ್ಸ್ ಕಾರು. ಅರಿಶಿಣ ಬಣ್ಣ. ಎರಡ ಬಾಗಿಲಾ, ಎರಡ ಸೀಟು, ನೆಲಕ್ಕ ಹತ್ತಿ ಕೂತಿರ್ತದ. ಕಪ್ಪಿ ನೋಡೀಯಲ್ಲ, ಇನ್ನೇನ ಜಿಗೀತೀನಿ ಅಂತ ಕೂತ ಕಪ್ಪಿ? ಹಂಗ. ನಾ ಬಾಯಿ ತಪ್ಪಿ ಕಪ್ಪಿ ಅಂದುಬಿಟ್ಟೆ. ಎರಡ ದಿನಾ ಮಾತಾಡ್ಲಿಲ್ಲ ನನ್ನ ಕೂಡ! ನನಗ ಅಂದಿದ್ರ ಅಷ್ಟ ಸಿಟ್ಟ ಬರ್ತಿದ್ದಿಲ್ಲ ಅವರಿಗೆ.

ಗಾಡಿ ಬಂದ ದಿವ್ಸ ಶೇಠರು ಇವರನ್ನ ಬಾಜೂಕ ಕರದು ಹೇಳಿದ್ರಂತ. ಅವರ ಕಡೆ ಮಾತು ಹೆಂಗಿರ್ತದ ಗೊತ್ತಲ್ಲ? 'ನೋಡು ರೇವಣಸಿದ್ದ, ಇದು ಹೊಸ ಎಂಜಿನ್ ಅಲ್ವಾ? ಮೊದಲಿನ ಸಾವಿರ ಕಿಲೋಮೀಟರ್ ಜೋರು ಓಡಿಸ್ಲಿಕ್ಕೆ ಇಲ್ಲ ಮಾರಾಯ. ನನಗೆ ತಾಳ್ಮೆ ಇಲ್ಲ, ನನ್ನ ಮಗನಿಗಂತೂ ಹುಟ್ಟಿದಲ್ಲಿಂದ ಇಲ್ಲ. ನಿನ್ನ ಕಾಲು ಮೆತ್ತಗೆ ಉಂಟು. ನೀನೇ ಅದನ್ನು ಪಳಗಿಸಿ ಕೊಡ್ಬೇಕು.'

ನಿನ್ನ ಕಾಲು ಮೆತ್ತಗೆ ಉಂಟು! ಆ ಒಂದ ಮಾತು ಹಿಡಕೊಂಡು ಮನಿಗೆ ಬಂದವ್ರು ಚಾ ಕುಡೀಲಿಲ್ಲ, ಏನಿಲ್ಲ. ಖೋಲ್ಯಾಗ ಆ ಕಡೆ ಈ ಕಡೆ ಅಡ್ಡಾಡಿದ್ದ ಅಡ್ಡಾಡಿದ್ದು. ನಾ ಕೇಳಿದೆ, 'ಅಲ್ರೀ, ಜೋರ ಓಡೋ ಗಾಡಿ ತಂದು ಮೆಲ್ಲಕ ಓಡಸೋದಂದ್ರ? ಹಂಗಿದ್ರ ಎತ್ತಿನ ಗಾಡಿ ತರಬೇಕಿತ್ತು.' ಬೈತಾರ ಅಂದ್ಕೊಂಡೆ. ಇಲ್ಲ! ಕುಂದರಿಸಿಕೊಂಡು ತಿಳಿಸಿ ಹೇಳಿದ್ರು. ಒಳಗ ಎಲ್ಲಾ ಹೊಸಾ ಲೋಹ ಇರ್ತದಂತ. ಒಂದಕ್ಕೊಂದು ತಿಕ್ಕಿ ತಿಕ್ಕಿ ಮೆತ್ತಗ ಹೊಂದಕೋಬೇಕಂತ. ಹೊಂದಕೊಳ್ಳೋ ಮುಂದ ಜಬರದಸ್ತಿ ಮಾಡಿದ್ರ ಒಳಗ ಗೀರು ಬೀಳ್ತದ. ಮ್ಯಾಲೆ ಏನೂ ಕಾಣಂಗಿಲ್ಲ, ಬಣ್ಣ ಥಳಾಥಳಾ. ಒಳಗ ಮಾತ್ರ ಕಾಯಂ ಉಳದುಬಿಡ್ತದ. ಅದಕ್ಕ ಎಂಜಿನ್ ಎಷ್ಟ ಜೋರ ತಿರಗ್ತದ ಅಂತ ತೋರಸೋ ಮುಳ್ಳು ನಾಕರ ಮ್ಯಾಲೆ ಏರಬಾರದು. ಹಂಗಂತ ಒಂದ ಸ್ಪೀಡಿನ್ಯಾಗೂ ಹೋಗಬಾರದು, ಸ್ವಲ್ಪ ಏರಸಬೇಕು, ಸ್ವಲ್ಪ ಇಳಸಬೇಕು. ಬ್ರೇಕ್ ಧಡಕ್ಕನ ಒತ್ತಬಾರದು. ಚಾಲೂ ಮಾಡಿದ ಕೂಡ್ಲೆ ಎಳೀಬಾರದು, ಬೆಚ್ಚಗಾಗೂತನ ತಡೀಬೇಕು...

'ಹೊಸಾ ತವಾ ಪಳಗಿಸಿದಂಗ ಏನ್ರಿ? ಎಣ್ಣಿ ಸವರಿ, ಸಣ್ಣ ಉರಿ ಮ್ಯಾಲೆ?' ಅಂದೆ. ಭಾಳ ಖುಷಿ ಆದ್ರು. 'ಹತ್ತನೇತ್ತ ಕಲ್ತದ್ದು ದಂಡ ಆಗಿಲ್ಲ ಬಿಡು' ಅಂದ್ರು. ಹತ್ತನೇತ್ತದಾಗ ತವಾ ಪಳಗಿಸೋದು ಯಾವ ಮಾಸ್ತರ ಕಲಿಸ್ತಾನ? ಹೋಗ್ಲಿ, ಹೊಗಳಿಕಿ ಸಿಕ್ಕಾಗ ವಾದ ಮಾಡಬಾರದು ಅಂತ ಸುಮ್ಮನಿದ್ದೆ.

ಅವತ್ತಿನಿಂದ ಶುರು. ಈ ಘಣಸೋಲಿಯಿಂದ ಮದ್ಲಿನ ಲೋಕಲ್ ರೈಲು ಹಿಡದು ಸೀವುಡ್ಸ್‌ಗೆ. ರಸ್ತೆದಾಗ ಗದ್ದಲ ಆಗೂದರೊಳಗ ಪಾಮ್ ಬೀಚ್ ರೋಡ್ ಮ್ಯಾಲೆ ಒಂದ ಸುತ್ತು, ಉರಣ್ ಕಡೆ ಒಂದ ಸುತ್ತು. ಬಂದು ನನಗ ವರದಿ. 'ಇವತ್ತ ದನಿ ಸ್ವಲ್ಪ ಮೆತ್ತಗಾತು ಕಾಂಚನಾ.' 'ಇವತ್ತ ಗೇರ್ ಬೆಣ್ಣಿ ಬಿದ್ದಂಗ ಬಿತ್ತು ಕಾಂಚನಾ.' ಕೇಳಿದೇನು? ಕಾಂಚನಾ! ಉಳಿದ ಹೊತ್ತಿನ್ಯಾಗ 'ಏ', 'ಇಕಿ', 'ಎಲ್ಲಿ ಸತ್ತಿ'. ಕಾರಿನ ಮಾತು ಬಂದಾಗ ಅಷ್ಟ ನನಗೊಂದು ಹೆಸರ ಅದ ಅಂತ ನೆನಪಾಗೋದು. ಅದರ ಅರಿವಿ ನಾ ಬ್ಯಾರೆ ಬಕೀಟಿನ್ಯಾಗ ಒಗೀಬೇಕು. ಒರಸೋ ಅರಿವಿ ಸುಲೂ! ಕೂಸಿನ ಅರಿವಿ ಕೂಡ ಹಾಕಿದ್ರ ನೂಲು ಹತ್ಕೊಂಡು ಬಣ್ಣಕ್ಕ ಗೀರು ಬೀಳ್ತದಂತ. ನಾ ಅಂದೆ, 'ಕೂಸಿನ ಉಚ್ಚಿಗೆ ನಿಮ್ಮ ಕಾರು ಹೆದರತದ ಅನ್ರಿ...'

ಏ! ಲಟ್ಟಣಿಗಿ ಯಾಕ ಕಸಗೊಂಡಿ?

ಎಡಗೈಲೆ ಲಟ್ಟಿಸಿದ್ರ ಏನಾತು? ಹೋಳಗಿ ಎಡಗೈ ಬಲಗೈ ಅಂತ ನೋಡ್ತಾವೇನು? ಬಲಗೈ ಸ್ವಲ್ಪ ಉಳುಕೇದ, ಅಷ್ಟ. ಭಾರ ಹಾಕಾಕ ಬರಂಗಿಲ್ಲ. ಜಾರಿ ಬಿದ್ದೆ. ಬಚ್ಚಲದಾಗ. ಸಾಬಾಣ ನೀರು...

ಬಚ್ಚಲ ಎಲ್ಲಿ ಅದ ಅಂತ ಯಾಕ ಹುಡುಕ್ತಿ? ಹೌದವ್ವಾ, ಈ ಮನ್ಯಾಗ ಬಚ್ಚಲ ಇಲ್ಲ. ಅಗೋ, ಮೂಲ್ಯಾಗಿನ ಮೋರಿ, ಜಳಕಾ ಭಾಂಡಿ ಎಲ್ಲಾ ಅಲ್ಲೇ. ಅದರಾಗ ಬಿದ್ದೆ. ಅಷ್ಟ ಸಣ್ಣ ಮೋರ್ಯಾಗ ಮನಷ್ಯಾ ಬೀಳಾಕ ಬರಂಗಿಲ್ಲಾ? ನನಗ ಬರ್ತದ. ನಾ ಎಲ್ಲಿ ಬೇಕಾದಲ್ಲಿ ಬೀಳ್ತೀನಿ. ಸಣ್ಣಾಕಿ ಇದ್ದಾಗ ಹುಣಸಿ ಗಿಡದಿಂದ ಬಿದ್ದದ್ದು ನೆನಪಿಲ್ಲ ನಿನಗ?

ಲಟ್ಟಿಸು, ಲಟ್ಟಿಸು. ಅಂಚು ತೆಳ್ಳಗ ಮಾಡು. ನಿನ್ನ ಕೈ ಅವ್ವನ ಕೈ ಹಂಗ ಅದ.

ನಾ ಆ ಕಾರಿನ್ಯಾಗ ಕೂತೀನಿ, ಗೊತ್ತೇನು? ಯಾರಿಗೂ ಹೇಳಬ್ಯಾಡ, ಶೇಠರ ಕಿವಿಗೆ ಬಿದ್ರ ನೌಕರಿ ಹೋಗ್ತದ. ಒಂದ ರವಿವಾರ ಶೇಠರ ಮನಿಯವ್ರೆಲ್ಲಾ ಊರಿಗೆ ಹೋಗಿದ್ರು. 'ಏಳು, ತೋರಸ್ತೀನಿ' ಅಂದ್ರು ಇವ್ರು. ನಾ ಮದುವಿ ಸೀರಿ ಉಟ್ಟೆ. ಉಡದ ಮತ್ತ? ಅಂಥಾ ಗಾಡ್ಯಾಗ ಮ್ಯಾಕ್ಸಿ ಹಾಕೊಂಡು ಕೂಡ್ಲೇನು? ಶ್ರಾವಣಿಗೆ ಹೊಸಾ ಫ್ರಾಕು. ಒಂದ ಕಡೆ ಸಮುದ್ರದ ಖಾಡಿ ನೀರು, ಒಂದ ಕಡೆ ಆಕಾಶಕ್ಕ ಮುಟ್ಟೋ ಬಿಲ್ಡಿಂಗು, ನಡುವ ನಾವು. ಬೆನ್ನ ಹಿಂದ ಎಂಜಿನ್ ಗುರ್ ಅಂತಿತ್ತು, ಹೊಟ್ಟಿ ತುಂಬಿದ ಹುಲಿ ಹಂಗ. ಮಂದಿ ಎಲ್ಲಾ ಹೊಳ್ಳಿ ಹೊಳ್ಳಿ ನೋಡಾವ್ರು, ಮೊಬೈಲ್ ಹಿಡಿಯಾವ್ರು. ಅಷ್ಟರಾಗ ಸ್ಕೂಟಿ ಮ್ಯಾಲೆ ಒಬ್ಬಾಕಿ ಮುದುಕಿ ಕಾಯಿಪಲ್ಲೆ ಚೀಲ ಹಾಕೊಂಡು ನಮ್ಮನ್ನ ಹಿಂದ ಹಾಕಿ ಹೋದ್ಲು! ನಾ ಹೊಟ್ಟಿ ಹಿಡಕೊಂಡು ನಕ್ಕೆ. ಅವ್ರೂ ನಕ್ರು. ಸುಲೂ... ಅವತ್ತ ಅವ್ರು ನನ್ನ ಮುಖಾ ನೋಡಿ ನಕ್ರು. 'ಹೋಗ್ಲಿ ಬಿಡು ಮುದುಕಿ, ನಮ್ಮ ಟೈಮ್ ಬರ್ತದ' ಅಂದ್ರು. ನಮ್ಮ ಅಂದ್ರು. ನನಗ ಏನ ಅನಿಸ್ತು ಅಂದ್ರ, ದೇವ್ರೇ, ಈ ರೋಡ್ ಮುಗಿಯೋದ ಬ್ಯಾಡ.

ಆಮ್ಯಾಲೇನು? ಶ್ರಾವಣಿ ಹಾಲು ಕಕ್ಕಿದ್ಲು. ಸೀಟಿನ ಮ್ಯಾಲೆ.

ಇಲ್ಲ, ಬೈಲಿಲ್ಲ. ಗಾಡಿ ಬಾಜೂಕ ಹಚ್ಚಿದ್ರು. ನೀರು ತಗೊಂಡು, ಅರಿವಿ ತಗೊಂಡು, ಹೊಲಿಗಿ ಸಂದಿ ಸಂದಿಯೊಳಗ ಬಟ್ಟು ಹಾಕಿ ಒರಸಿದ್ರು. ಮೂಸಿ ನೋಡಿದ್ರು. ಹೊಳ್ಳಿ ಒರಸಿದ್ರು. 'ಇರ್ಲಿ, ಕೂಡು' ಅಂದ್ರು. ಬರೋ ಮುಂದನೂ ಮುಳ್ಳು ಅಲ್ಲೇ, ಬ್ರೇಕು ಮೆತ್ತಗ. ಗಾಡಿ ಮ್ಯಾಲೆ ಸಿಟ್ಟು ತಗೀಲಿಲ್ಲ ನೋಡು, ಅಷ್ಟ ಶಾಂತ. ನಿಲ್ಲಿಸಿದ್ರು, ಹೊದಿಕಿ ಹೊಚ್ಚಿದ್ರು. ಲೋಕಲ್ ಹತ್ತಿದ್ವಿ. ಮನಿಗೆ ಬಂದ್ವಿ. ಚಪ್ಪಲ್ ತಗದು ಸಾಲಾಗಿ ಇಟ್ರು...

ಆಮ್ಯಾಲೆ ಊಟ ಮಾಡಿದ್ವಿ. ಮಲಗಿದ್ವಿ. ಮತ್ತೇನು?

ಯಾಕ ಹಂಗ ನೋಡ್ತಿ? ಮುಗೀತು ಕಥಿ. ಹೋಳಗಿ ಮ್ಯಾಲೆ ಲಕ್ಷ್ಯ ಇಡು.

ಸಂಗಮೇಶಂದು ಕೇಳೇ ಇಲ್ಲ ನೀ. ಅದನ್ನ ಕೇಳಬೇಕಪಾ, ಅದು ಬಿಟ್ಟು ಕಾರು ಕಾರು. ವಾಶಿ ಮಾರ್ಕೆಟ್‌ನ್ಯಾಗ ಲೋಡಿಂಗ್ ಕೆಲಸ, ಉಳ್ಳಾಗಡ್ಡಿ ಚೀಲ ಹೊರತಾನ, ಮೈಗಳ್ಳ ಅಲ್ಲ. ಕುಡಿಯಂಗಿಲ್ಲ. ಗುಟ್ಕಾ ಒಂದ ಅದ, ಬಿಡಿಸಿದ್ರ ಬಿಡ್ತಾನ. ದನಿ ಏರಸಂಗಿಲ್ಲ. ಯಾರ ನಡುವನೂ ಬಾಯಿ ಹಾಕಂಗಿಲ್ಲ. ಅವ್ವ ಹೇಳಿದ್ದಕ್ಕ ಹೂಂ, ಅಣ್ಣ ಹೇಳಿದ್ದಕ್ಕ ಹೂಂ. ನೀ ಪಿಯುಸಿ ಮುಗಿಸಿದಾಕಿ, ಅವನ್ನ ನಿನ್ನ ಬಟ್ಟಿನ ಮ್ಯಾಲೆ ಕುಣಸ್ತಿ.

ಏ ಶ್ರಾವಣಿ... ಶ್ರಾವಣಿ, ಬಾ ಹೊರಗ. ಏನಿಲ್ಲ, ಓಣ್ಯಾಗ ಯಾರೋ ಬುಲೆಟ್ ಗಾಡಿ ತಗೊಂಡು ಹೋದ್ರು, ಅಷ್ಟ. ಪಪ್ಪಾ ಅಲ್ಲ ಅದು. ಪಪ್ಪಾ ಬಂದಿಲ್ಲ. ಬಾ ನನ್ನ ಕೂಸ.

ಆಟಾ ಅದು ಅಕೀದು. ಗಾಡಿ ಸಪ್ಪಳಾ ಕೇಳಿದ್ರ ಮಂಚದ ಬುಡಕ ಹೋಗೋದು, ಆ ರವಿವಾರದಿಂದ. ಮಕ್ಕಳಿಗೆ ಏನೇನೋ ಆಟಾ ಇರ್ತಾವ... ಕಿವಿ ಯಾಕ ಮುಚ್ಚಕೊಂಡಾಳ ಅಂದ್ರ? ಆಟಾ ಅಂದ್ನಲ್ಲ.

ಸುಲೂ, ಕಣ್ಣ ಕೆಳಗ ಮಾಡು. ಮಂಚದ ಬುಡಕ ನೋಡಬ್ಯಾಡ. ನನ್ನನ್ನೂ ನೋಡಬ್ಯಾಡ.

ಹೊಡದ್ರು.

ಹೂಂ, ಅವತ್ತ. ಚಪ್ಪಲ್ ಸಾಲಾಗಿ ಇಟ್ಟ ಮ್ಯಾಲೆ. ಏನೀಗ? ಊರಾಗ ಯಾರ ಮನ್ಯಾಗ ಹೊಡ್ಯಂಗಿಲ್ಲ? ಬಾಜೂಕಿನ ಮರಾಠಿ ಹೆಣಮಗಳ ಗಂಡನೂ ಹೊಡೀತಾನ, ಅಂವ ಕುಡದು ಹೊಡೀತಾನ. ನಮ್ಮವ್ರು ಕುಡಿಯಂಗಿಲ್ಲ. ನಮ್ಮವ್ರು ಶುದ್ಧ.

ಈಗ ನೀ ಪುಸ್ತಕಾ ಓದಿದಾಕಿ, ಕಾರಿಗೂ ನನಗೂ ಹೋಲಿಸಿ ಏನೋ ಕಟ್ಟಬ್ಯಾಡ ಮನಸಿನ್ಯಾಗ. ನನಗೂ ಮದ್ಲ ಮದ್ಲ ಭಾಳ ಚೊಲೋ ಇದ್ರು. 'ಉಂಡಿ? ನೀರ ಕುಡದಿ?' ಅಂತ ದಿನಾ ಕೇಳಾವ್ರು. ಲೋಕಲ್‌ನ್ಯಾಗ ಮಂದಿ ತಳ್ಳಿದ್ರ ಕೈ ಅಡ್ಡ ಹಿಡಿಯಾವ್ರು. ಶ್ರಾವಣಿ ಹೊಟ್ಟ್ಯಾಗ ಬರೂತನ ಒಂದ ಏಟು ಇಲ್ಲ. ಆಮ್ಯಾಲೆ ಪಳಗಿದ್ಲು ಅನಿಸಿರಬೇಕು. ಕಾರಿಗಾದ್ರೂ ಪುಣ್ಯಾ, ಅದಕ್ಕ ಸರ್ವಿಸಿಂಗ್ ಅಂತ ಒಂದ ಇರ್ತದ.

ನಗಾಕ ಹೇಳಿದೆ ಅದನ್ನ. ನಗು... ನಗಂಗಿಲ್ಲಾ?

ಹೂಂ, ಕೈ. ಕೈ ಆವಾಗಿಂದಲ್ಲ. ಮೊನ್ನೆ ಮೊನ್ನಿಂದು.

ಸಮಿತ್ ಬಂದಿದ್ನಂತ ಗಾಡಿ ಹತ್ರ. ಇಲ್ಲೇ ಹುಟ್ಟಿ ಬೆಳದ ಹುಡುಗ, ಕನ್ನಡ ಕೇಳ್ತಾನ, ಆಡೋದು ಹಿಂದಿ. 'ಬಾಜೂ ಮೆ ಬೈಠೊ ಭಾಯಿ' ಅಂದ್ನಂತ, ತಾನ ಸ್ಟೇರಿಂಗ್ ಹಿಡದು. ಸಾವಿರಕ್ಕ ಇನ್ನಾ ಸ್ವಲ್ಪ ಉಳದಿತ್ತು. ಇವ್ರು ಅಂದ್ರಂತ, 'ಸರ್, ಇನ್ನ ನಾಕ ದಿನಾ ತಡೀರಿ.' ಅಂವ ಯಾಕ ತಡೀತಾನ? ಅಪ್ಪನ ಗಾಡಿ. ಪಾಮ್ ಬೀಚ್ ಮ್ಯಾಲೆ ಸಿಗ್ನಲ್ ದಾಟಿದ ಕೂಡ್ಲೆ ಒತ್ತಿದ್ನಂತ ನೋಡು... ಮುಳ್ಳು ಕೆಂಪಿಗೆ ಹೋಗಿ ನಡುಗಾಕ ಹತ್ತಿತ್ತಂತ. ಎಂಜಿನ್ ಚೀರಿತಂತ. ಇವ್ರು ಕೈ ಮುಗಿದು 'ಧೀರೆ ಸರ್, ಧೀರೆ', ಮೆಲ್ಲಕ ಅಂತ ಬೇಡಕೊಂಡ್ರ, ಆ ಹುಡುಗ ನಗಾಕ ಹತ್ತಿದ್ನಂತ. 'ವಾರಂಟಿ ಮೆ ಹೈ' ಅಂದ್ನಂತ.

ಮನಿಗೆ ಬಂದ್ರು. ಇಗೋ, ಈ ಗ್ವಾಡಿಗೆ ಬೆನ್ನ ಹಚ್ಚಿ ಕೂತ್ರು. ಅತ್ರು ಸುಲೂ. ಅವರಪ್ಪ ಸತ್ತಾಗೂ ಕಣ್ಣೀರ ಹಾಕಿದ್ದಿಲ್ಲ ಅಂತ ಅತ್ತಿನ ಹೇಳ್ತಾಳ. 'ಒಳಗ ಗೀರು ಬಿತ್ತು. ನಾ ಇಷ್ಟ ದಿನಾ ಮಾಡಿದ್ದು ಒಂದ ನಿಮಿಷದಾಗ ಹೋತು' ಅಂತ ಬಿಕ್ಕಿ ಬಿಕ್ಕಿ. ನೀರ ತಂದು ಮುಂದ ಇಟ್ಟೆ. ಅಲ್ಲಿಗೆ ಸುಮ್ಮನಿರಬೇಕಿತ್ತು. ಆದ್ರ ನನ್ನ ನಾಲಿಗಿ ನಿನಗ ಗೊತ್ತದಲ್ಲ... 'ಅವರ ಗಾಡಿ, ಅವರ ಮಗ. ಕೆಟ್ರ ಅವ್ರು ನೋಡ್ಕೋತಾರ. ನಿಮಗ್ಯಾಕ ಸೂತಕ?' ಅಂದೆ.

ತಪ್ಪೇನಿತ್ತು ಆ ಮಾತಿನ್ಯಾಗ? ಹೇಳು ನೀನ. ಸಮ್ಯಾಧಾನ ಮಾಡಾಕ ಅಂದೆ.

ಕೈ ಹಿಂದಕ್ಕ ತಿರುವಿದ್ರು. ಹಿಂಗ ಅಲ್ಲ... ಹಿಂಗ. ಟಕ್ ಅಂತು. ಶೇಠರ ಮಗನ ಕೈ ಹಿಡಿಯಾಕ ಆಗ್ಲಿಲ್ಲಲ್ಲ. ನಾ ಚೀರಿದೆ. ಆಚಿ ಖೋಲ್ಯಾಗ ಅತ್ತಿ ಜಪಾ ಮಣಿ ಹಿಡಕೊಂಡು ಕೂತಿದ್ಲು. ಬಾಜೂಕ ಸಂಗಮೇಶ ಇದ್ದ. ನಾ ಅವನ ಹೆಸರ ಹಿಡದು ಕೂಗಿದೆ, 'ಸಂಗಮೇಶ, ಬಾರೋ, ಕೂಸಿನ್ನರ ತಗೊಂಡು ಹೋಗೋ' ಅಂತ.

ಟೀವಿ ಸೌಂಡ್ ಏರಿಸಿದ.

ಯಾರ ನಡುವನೂ ಬಾಯಿ ಹಾಕಂಗಿಲ್ಲ ಅಂದ್ನಲ್ಲ? ಸುಳ್ಳ ಹೇಳಿಲ್ಲ ನಾ.

ದವಾಖಾನ್ಯಾಗ ಪಟ್ಟಿ ಕಟ್ಟಿದ್ರು. ನೀ ಬರ್ತಿ ಅಂತ ನಿನ್ನೆ ಮುಂಜಾನೆ ಬಿಚ್ಚಿದೆ. ಡಾಕ್ಟರು ಇನ್ನಾ ಬಿಚ್ಚಬ್ಯಾಡ ಅಂದಿದ್ರು.

ಲಟ್ಟಣಿಗಿ ಯಾಕ ಕೆಳಗ ಇಟ್ಟಿ? ಕಣಕ ಒಣಗ್ತದ ಅಂದ್ನಲ್ಲ...

ಇವತ್ತ ಸಾವಿರ ಮುಗೀತು, ಗೊತ್ತೇನು? ಮುಂಜಾನೆ ಹೋಗೋ ಮುಂದ ಮುಖಾ ನೋಡಿದಿಯಲ್ಲ, ಕರ್ರಗ ಆಗಿತ್ತು. ಇವತ್ತ ಆಯಿಲ್ ಬದಲಿ ಮಾಡಿಸಿ, ತೊಳದು, ಕೀಲಿ ಕೈ ಸಮಿತ್‌ಗೆ ಕೊಟ್ಟು ಬರಬೇಕು. ನಾಳಿಂದ ಮತ್ತ ಶೇಠರ ಹಳೇ ಗಾಡಿ, ಮಾರ್ಕೆಟ್ಟು, ಕಾಯಿಪಲ್ಲೆ. ಇಷ್ಟ ದಿನಾ ನನ್ನ ಗಂಡ ದಿನದಾಗ ನಾಕ ತಾಸು ಮನಷ್ಯಾ ಆಗಿರ್ತಿದ್ದ. ಆ ನಾಕ ತಾಸೂ ಇನ್ನ ಹೋತು. ಸಂಜಿಕ ಹೆಂಗ ಬರ್ತಾನೋ... ನೀ ಇರ್ತಿ, ಸಕ್ಕರಿ ಹಂಚೋದು ಇರ್ತದ, ಮಂದಿ ಇರ್ತಾರ. ಇವತ್ತ ಏನೂ ಆಗಂಗಿಲ್ಲ. ಇವತ್ತೊಂದು ಪಾರು.

ಏನು? ಬಾಯಿಬಿಟ್ಟು ಕೇಳು. ಹಂಗ ಕಣ್ಣಾಗ ಕೇಳಬ್ಯಾಡ.

ಈ ಸಂಬಂಧ ಯಾರು ತಗದ್ರು ಅಂತ ಅಲ್ಲ? ಅತ್ತಿ ತಗದ್ಲು. ಅಪ್ಪ ಹೇಳ್ಯಾನಲ್ಲ ನಿನಗ, ಅತ್ತಿ ಕೇಳ್ಯಾಳ ಅಂತ... ಅತ್ತಿಗೆ ನೀ ಭಾಳ ಮನಸಿಗೆ ಬಂದೀದಿ, ನನ್ನ ಮದುವ್ಯಾಗ ನೋಡಿದ್ಲಲ್ಲ ನಿನ್ನ, ಅವಾಗಿಂದ...

ಸುಲೂ.

ಒಂದ ಮಾತರ ಆಡ. ಬೈಯರ ಬೈ.

ನಾನು. ನಾನ ಅಪ್ಪಗ ಫೋನ್ ಹಚ್ಚಿದೆ. ಕೈಗೆ ಪಟ್ಟಿ ಕಟ್ಟಿದ್ದ ಮರುದಿನ, ಎಡಗೈಲೆ ನಂಬರ್ ಒತ್ತಿ. 'ಸುಲೂನ್ನ ನಮ್ಮ ಸಂಗಮೇಶಗ ಕೊಡು, ಭಾಳ ಚೊಲೋ ಮನಿ, ನಾ ಸುಖದಾಗ ಅದೀನಿ' ಅಂದೆ. ಅಪ್ಪ ಎಷ್ಟ ಖುಷಿ ಆದ! 'ಅತ್ತಿನ ಕೇಳಿದ್ಲು ಅಂತ ಹೇಳು, ನಾ ಹೇಳಿದ್ರ ಚಂದ ಕಾಣಂಗಿಲ್ಲ' ಅಂತ ನಾನ ಕಲಿಸಿ ಕೊಟ್ಟೆ. ಅತ್ತಿ ಕಿವ್ಯಾಗೂ ನಾನ ಊದಿದೆ.

ಯಾಕ ಅಂದ್ರ... ಯಾಕಂದ್ರ ಆಚಿ ಖೋಲ್ಯಾಗ ಟೀವಿ ಬಂದ್ ಮಾಡಾವ್ರು ಒಬ್ರು ಬೇಕಾಗಿತ್ತು ನನಗ. ಮಂಚದ ಬುಡದಿಂದ ಕೂಸಿನ್ನ ಎತ್ತಕೊಂಡು ಓಣಿಗೆ ಓಡಾವ್ರು ಒಬ್ರು. ನಿನ್ನ ಮುಂದ ನನ್ನ ಗಂಡಗ ನಾಚ್ಕಿ ಆಗ್ತದ, ಕೈ ತಡೀತದ ಅಂತ ಅಂದ್ಕೊಂಡೆ. ತಡೀಲಿಕ್ಕಿಲ್ಲ ಅಂತನೂ ಗೊತ್ತಿತ್ತು. ನಿನಗೂ ಬೀಳಬಹುದು ಅಂತನೂ... ಗೊತ್ತಿತ್ತು ಸುಲೂ. ಗೊತ್ತಿದ್ದು ಕರದೆ. ಅರ್ಧ ಅರ್ಧ ಹಂಚಿಕೊಂಡ್ರ ತಡಕೋಬಹುದು ಅನಿಸ್ತು. ತಂಗಿನ್ನ ಯಾರರ ಹಂಗ...

ಆತು, ಹೇಳಿದೆ. ಏಳು ಈಗ. ಕೈ ತೊಳಕೋ. ಬ್ಯಾಗ್ ಬಿಚ್ಚಿಲ್ಲ ಅಲ್ಲ ಇನ್ನಾ? ಚೊಲೋ ಆತು. ನಿನ್ನ ಕರಕೊಂಡು ಬಂದ ಶಂಕ್ರೆಪ್ಪ ಕಾಕಾ ಡೊಂಬಿವಲ್ಯಾಗ ಮಗಳ ಮನ್ಯಾಗ ಅದಾನ. ಅಲ್ಲಿಗೆ ಹೋಗಿಬಿಡು. ನಾ ರಿಕ್ಷಾ ಹತ್ತಿಸ್ತೀನಿ. ಅತ್ತಿ ಬರೂದರೊಳಗ ಏಳು...

ಸುಲೂ, ಏಳು ಅಂದ್ನಲ್ಲ. ಗ್ಯಾಸ್ ಯಾಕ ಹಚ್ಚಿದಿ?

ತವಾ ಇಳಸು. ಹೋಳಗಿ ಯಾರ ಸಲುವಾಗಿ ಬೇಸ್ತಿ? ಇಷ್ಟ ಕೇಳಿದ ಮ್ಯಾಲೂ? ಇದೇನ ಹುಚ್ಚು... ತುಪ್ಪಾ ಬ್ಯಾಡ, ಬಿಡು ಆ ತುಪ್ಪಾ! ನಂದು ಆತು ಹೋತು. ನೀ ನನ್ನ ಸಲುವಾಗಿ ಇಲ್ಲಿ ಕೂತ್ರ ನಾ ನಿನ್ನ ಮುಖಾ ದಿನಾ ಹೆಂಗ ನೋಡ್ಲಿ? ಅದಕ್ಕಿಂತ ಅವನ ಏಟ ಚೊಲೋ. ಕೇಳಸ್ತದೇನು? ಕಣ್ಣೀರ ಹೋಳಗಿ ಮ್ಯಾಲೆ ಬೀಳಾಕತ್ತಾವ ನೋಡು, ಉಪ್ಪಾಗ್ತದ... ಹೇ ಭಗವಂತಾ...

ಫೋನು. ಅಪ್ಪ.

ನೀ ಮುಟ್ಟಬ್ಯಾಡ. ನಾ ಮಾತಾಡ್ತೀನಿ.

ಹಲೋ. ಹೂಂ ಅಪ್ಪಾ, ಕಾಂಚನಾ. ಹೂಂ, ಕೇಳಿದೆ. ಕೇಳಿದೆ ಅಕೀನ್ನ... ಒಲ್ಲೆ ಅಂದ್ಲು. ಹೌದಪ್ಪಾ, ಒಲ್ಲೆ ಅಂದ್ಲು. ನನ್ನ ಮುಂದನ, ಬಾಯಿ ತುಂಬ ಅಂದ್ಲು. ಇಲ್ಲ, ಚಾಷ್ಟಿ ಅಲ್ಲ... ಅಕಿಗೆ ಕೊಡ್ಲಾ? ನೀನ ಕೇಳ್ತಿ? ಕೇಳು. ತಡಿ, ಸ್ಪೀಕರ್ ಹಾಕ್ತೀನಿ.

ಸುಲೂ, ಇಗೋ. ಅಪ್ಪ ಕೇಳಾಕತ್ತಾನ. ಒಂದ ಮಾತು. ಒಲ್ಲೆ ಅನ್ನು.

ಅನ್ನು ನಮ್ಮವ್ವ. ನಿನ್ನ ಕಾಲ ಬೀಳ್ತೀನಿ. ಎರಡ ಅಕ್ಷರ.

ಸುಲೂ...

ಏನಂದಿ ಅಪ್ಪಾ? ಇಲ್ಲ, ಲೈನ್ ಕಟ್ ಆಗಿಲ್ಲ. ಅಕಿ ಇಲ್ಲೇ ಅದಾಳ. ಮಾತಾಡವಲ್ಲಳು. ಏನು? ಸುಮ್ಮನಿದ್ರ ಹೂಂ ಅಂದಂಗ? ಹುಡುಗಿ ನಾಚಾಕತ್ತಾಳ ಅಂತಿಯಾ? ಯಾರಿಗೆ ಹೇಳಾಕತ್ತಿ ಅಲ್ಲಿ... ಯಾರ ಅದಾರ ನಿನ್ನ ಬಾಜೂಕ? ಅಪ್ಪಾ, ಹೇಳಬ್ಯಾಡ ಯಾರಿಗೂ. ಕೇಳು ಇಲ್ಲಿ. ಅಪ್ಪಾ!

ಸುಮ್ಮನಿರೋದಂದ್ರ ಹೂಂ ಅಲ್ಲ.

ನನ್ನನ್ನ ಕೇಳಿದಾಗ ನಾನೂ ಸುಮ್ಮನ ಇದ್ದೆ. ನಾಚ್ಕಿ ಅಂದಿ ನೀ. ಓಣಿ ತುಂಬ ಪೇಢೆ ಹಂಚಿದಿ. ನಂಗ ಅವತ್ತ ನಾಚ್ಕಿ ಬಂದಿದ್ದಿಲ್ಲಪ್ಪಾ, ಮಾತು ಬಂದಿದ್ದಿಲ್ಲ. ಅಲ್ಲಿಂದ ಇಲ್ಲಿತನ ನೀ ಹೆಂಗ ಅದಿ ಅಂತ ಕೇಳಿದಾಗೆಲ್ಲಾ ಚೊಲೋ ಅದೀನಿ ಅಂದೀನಿ... ಹೂಂ. ಹೂಂ, ಕಾಂಚನಾನ ಮಾತಾಡಾಕತ್ತೀನಿ. ಅಳಾಕತ್ತಿಲ್ಲ.

ಓಣ್ಯಾಗ ಅತ್ತಿ ದನಿ ಕೇಳಸ್ತದ. ಬಂದ್ರು. ಬರ್ಲಿ. ಅವರೂ ಕೇಳ್ಲಿ.

ಅಪ್ಪಾ, ನಿಂತೀಯೇನು? ಮದ್ಲ ಎಲ್ಲ್ಯರ ಕೂಡು. ಕೂತಿ? ಹೇಳ್ತೀನಿ.